ಹೊಸ ಉಪಾಧ್ಯಾಯಿನಿಯೂ ಗದ್ದಲದ ತರಗತಿಯೂ

ಪ್ರಾಥಮಿಕ ಶಾಲೆಯನ್ನು ಬಿಟ್ಟು ಮೂವತ್ತು ನಲವತ್ತು ವರ್ಷಗಳಾದ ನಮ್ಮಂತಹ ನಗರವಾಸಿಗಳಿಗೆ, ಸಣ್ಣ ಮಕ್ಕಳ ತರಗತಿಯನ್ನು ನಡೆಸುವುದೂ ಒಂದು ವಿದ್ಯೆಯೆಂಬ ಭಾವನೆ ಸುಲಭವಾಗಿ ಬರುವುದಿಲ್ಲ. ಕಾಲೇಜಿನ ಅಧ್ಯಾಪಕನಿಗೆ ಪಾಂಡಿತ್ಯ ಬೇಕು, ಹೈಸ್ಕೂಲಿನ ಉಪಾಧ್ಯಾಯನಿಗೆ ವಿಷಯ ತಿಳಿದಿರಬೇಕು, ಒಂದನೆಯ ತರಗತಿಗಾದರೋ ಅಕ್ಷರ ಬಲ್ಲವರು ಯಾರಾದರೂ ಸಾಕು ಎಂಬ ಎಣಿಕೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಸಂಬಳದ ಪಟ್ಟಿಯೂ ಇದನ್ನೇ ಅನುಸರಿಸುತ್ತ ಬಂದಿರುವುದನ್ನು ತಾವು ಬಲ್ಲಿರಿ. ಈ ಎಣಿಕೆಯ ಸತ್ತ್ವವೆಷ್ಟು ಎಂಬುದನ್ನು ಪರೀಕ್ಷಿಸಬೇಕಾದರೆ, ಇನ್ನೂ ಉಪಾಧ್ಯಾಯರಾಗಿಲ್ಲದೆ, ಆದರೂ ಉಪಾಧ್ಯಾಯರಂತೆ ಮಕ್ಕಳ ಮುಂದೆ ನಿಲ್ಲಬೇಕಾದವರ ಪಾಡನ್ನು ನೋಡುವುದು ಒಳ್ಳೆಯ ದಾರಿ. ಅನುಭವಸ್ಥರಲ್ಲಿ ವಿದ್ಯೆ ಕಾಣದಂತೆ ಅಡಗಿರುತ್ತದೆ. ಹೊಸಬರಲ್ಲಿ ಅದರ ಒಂದೊಂದು ಕೀಲೂ ಕಿರುಗುಟ್ಟುವುದು ಕೇಳಿಸುತ್ತದೆ.

ಪ್ರಾಥಮಿಕ ತರಗತಿಗಳಿಗೆ ಕಲಿಸಬಯಸುವವರು ಪಿ.ಯು.ಸಿ. ಮುಗಿಸಿ ಎರಡು ವರ್ಷ ತರಬೇತಿ ಪಡೆಯಬೇಕಷ್ಟೆ. ನಮ್ಮ ಹಿರಿಯರು ಅದಕ್ಕಾಗಿ ನಾರ್ಮಲ್ ಸ್ಕೂಲಿಗೆ ಹೋಗುತ್ತಿದ್ದರು. ನಾವು ಓದುತ್ತಿದ್ದಾಗ ಅದನ್ನು ಟಿ.ಸಿ.ಎಚ್. ಎನ್ನುತ್ತಿದ್ದರು, ಆಮೇಲೆ ಡಿ.ಎಡ್. ಆಯಿತು, ಈಗ ಡಿ.ಎಲ್.ಎಡ್. ಹೆಸರು ಹೀಗೆ ಬದಲಾಗುತ್ತ ಬಂದರೂ ಒಂದು ಅಂಗ ಮಾತ್ರ ಉಳಿದುಬಂದಿದೆ: ವಿದ್ಯಾರ್ಥಿಯು ಕೆಲವು ಕಾಲ ನಿಜವಾದ ಶಾಲೆಯೊಂದಕ್ಕೆ ಹೋಗಿ ನಿಜವಾದ ಮಕ್ಕಳಿಗೆ ಪಾಠ ಹೇಳಬೇಕು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2014ರಲ್ಲಿ ಮಾಡಿದ ನಿಯಮಗಳಂತೆ ಇದಕ್ಕೆ 20 ವಾರಗಳು ಮೀಸಲಾಗಿವೆ. ಸ್ನೇಹಿತರೊಬ್ಬರ ಒತ್ತಾಯದಿಂದ ನಾನು ಇಂತಹ ಅಭ್ಯಾಸಪಾಠಗಳನ್ನು ನೋಡುವುದಕ್ಕಾಗಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಕೆಲವು ಶಾಲೆಗಳಿಗೆ ಹೋಗಿಬಂದೆನು. ಈ ಮಾತುಗಳಿಗೆ ಅದೇ ಆಧಾರ.

ಆ ಸೀಮೆಯ ವಿಷಯವನ್ನು ಒಂದೆರಡು ಮಾತಿನಲ್ಲಿ ಹೇಳದಿದ್ದರೆ ತರಗತಿಯ ಚಿತ್ರ ಪೂರ್ಣವಾಗುವುದಿಲ್ಲ. ಅದು ಮಳೆ ಕಡಮೆಯ ನಾಡು. ಹೊಳಲ್ಕೆರೆಯ ಕಡೆ ಅಡಕೆ ತೋಟಗಳಿವೆ, ಹೊಸದುರ್ಗದ ಕಡೆ ತೆಂಗು. ಹಿರಿಯೂರಿನ ಬಳಿ ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ವಾಣೀವಿಲಾಸ ಸಾಗರದ ಕೆಳಗೆ ಹಸಿರು ಕಾಣುತ್ತದೆ. ಮಿಕ್ಕದ್ದು ರಾಗಿ, ಜೋಳ, ಶೇಂಗಾಗಳ ಹೊಲ. ಒಂದೇ ಶಾಲೆಗೆ ಊರೊಳಗಿನ ಮಕ್ಕಳೂ ಗೊಲ್ಲರಹಟ್ಟಿಯ ಮಕ್ಕಳೂ ಲಂಬಾಣಿ ತಾಂಡದ ಮಕ್ಕಳೂ ಬರುತ್ತಾರೆ. ಮನೆಯಲ್ಲಿ ಲಂಬಾಣಿಯನ್ನೋ ತೆಲುಗನ್ನೋ ಉರ್ದುವನ್ನೋ ಆಡಿ ಬಂದ ಮಗುವಿಗೆ ಪುಸ್ತಕದ ಕನ್ನಡ ಎರಡನೆಯ ಭಾಷೆ. ಮನೆಯಲ್ಲಿ ಕನ್ನಡವನ್ನೇ ಆಡಿದ ಮಗುವಿಗೂ ಅದು ಒಂದೂವರೆಯನೆಯ ಭಾಷೆಯೆಂದು ನನ್ನ ಅಭಿಪ್ರಾಯ.

ಇಂತಹ ಹಳ್ಳಿಗಳಲ್ಲಿ ಮಕ್ಕಳ ಸಂಖ್ಯೆ ಕಡಮೆ, ಉಪಾಧ್ಯಾಯರ ಸಂಖ್ಯೆ ಇನ್ನೂ ಕಡಮೆ. ಆದಕಾರಣ ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಒಬ್ಬರೇ ಉಪಾಧ್ಯಾಯರ ಬಳಿ ಕಲಿಯುತ್ತಾರೆ. ಇದಕ್ಕಾಗಿಯೇ ರೂಪಿಸಿದ ಪದ್ಧತಿಗೆ ‘ನಲಿ-ಕಲಿ’ ಎಂದು ಹೆಸರು. ಆಂಧ್ರದ ಋಷಿವ್ಯಾಲಿಯವರು ತಮ್ಮ ಸುತ್ತಲ ಹಳ್ಳಿಶಾಲೆಗಳಲ್ಲಿ ನಡೆಸುತ್ತಿದ್ದ ಕ್ರಮವನ್ನು ನೋಡಿಬಂದ ನಮ್ಮ ಉಪಾಧ್ಯಾಯರೇ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ಸಂಸ್ಥೆಯ ನೆರವಿನಿಂದ ಇದನ್ನು ಆರಂಭಿಸಿದರು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹರಡಿತು.

ಅದರ ಯಂತ್ರರಚನೆ ಹೀಗಿದೆ. ಪಾಠಗಳನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು, ಅವುಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿರುತ್ತಾರೆ. ಏಣಿಯ ಚಿತ್ರ ಗೋಡೆಯ ಮೇಲಿರುತ್ತದೆ. ಮಗು ತಾನು ನಿಂತಿರುವ ಮೆಟ್ಟಿಲನ್ನು ನೋಡಿಕೊಂಡು, ಆ ಗುರುತಿನ ಕಾರ್ಡನ್ನು ತಾನೇ ಆರಿಸಿ ತಂದು, ಕಾರ್ಡು ಸೂಚಿಸುವ ಗುಂಪಿನಲ್ಲಿ ಕುಳಿತುಕೊಳ್ಳುತ್ತದೆ. ಈ ಗುಂಪುಗಳಿಗೆ ‘ತಟ್ಟೆ’ಗಳೆಂದು ಹೆಸರಿಟ್ಟಿದ್ದಾರೆ. ಒಂದು ತಟ್ಟೆಯಲ್ಲಿ ಉಪಾಧ್ಯಾಯರೇ ಪೂರ್ತಿಯಾಗಿ ಕಲಿಸುತ್ತಾರೆ. ಇನ್ನೊಂದರಲ್ಲಿ ಆಗಾಗ ಬಂದು ನೆರವಾಗುತ್ತಾರೆ. ಬೇರೆ ತಟ್ಟೆಗಳಲ್ಲಿ ಮಕ್ಕಳೇ ಮಕ್ಕಳಿಗೆ ಸಹಾಯ ಮಾಡುತ್ತಾರೆ. ಕಡೆಯದರಲ್ಲಿ ಮಗು ತಾನೇ ತಾನಾಗಿ ಅಭ್ಯಾಸ ಮಾಡುತ್ತದೆ. ಅಕ್ಷರಗಳನ್ನು ಕಲಿಸುವ ಕ್ರಮವೂ ನಾವು ಕಲಿತ ಅ ಆ ಇ ಈಯ ಕ್ರಮವಲ್ಲ. ಮೊದಲು ರ, ಗ, ಸ, ದ, ಅ ಎಂಬ ಐದು. ತರುವಾಯ ಜ, ವ, ಮ, ಬ, ನ. ವರ್ಣಮಾಲೆಗೆ ಇದು ಅಪಚಾರವೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಆದರೆ ಮೊದಲ ಐದೇ ಅಕ್ಷರಗಳಿಂದ ಸರ, ದರ, ಅರಸ, ಅಗಸ, ಗರಗಸ, ದಸರ ಎಂಬ ಶಬ್ದಗಳು ಹುಟ್ಟುತ್ತವೆಂಬುದನ್ನು ಗಮನಿಸಬೇಕು. ಅ ಆ ಇ ಈ ಉ ಎಂಬ ಐದರಿಂದ ಮಗು ಓದಬಹುದಾದ ಶಬ್ದ ಎಷ್ಟು? ಕಲಿತ ವಾರದಲ್ಲಿಯೇ ‘ಗರಗಸ’ವೆಂದು ಓದಿಬಿಟ್ಟ ಮಗುವಿನ ಮುಖವನ್ನು ನೋಡಿದವರು ವರ್ಣಮಾಲೆಯ ಮರ್ಯಾದೆಯ ಬಗೆಗೆ ವಾದಿಸಲು ಹೋಗುವುದಿಲ್ಲ.

ಹೀಗೆ ಕಾಗದದ ಮೇಲೆ ಎಲ್ಲವೂ ಸೊಗಸಾಗಿದೆ. ತೊಡಕಿರುವುದು ಇಲ್ಲಿ: ತರಬೇತಿಯಲ್ಲಿ ವಿದ್ಯಾರ್ಥಿಯು ಬರೆಯಲು ಕಲಿತ ಪಾಠಯೋಜನೆ ಒಂದೇ ತರಗತಿಗೆ, ಒಂದೇ ವಿಷಯಕ್ಕೆ, ನಲವತ್ತು ನಿಮಿಷಕ್ಕೆ ತಕ್ಕದ್ದು. ಪೀಠಿಕೆ, ವಿಷಯನಿರೂಪಣೆ, ಪುನರಾವಲೋಕನ ಎಂದು ಅದಕ್ಕೆ ಅಂಗಾಂಗಗಳಿವೆ. ಆ ಯೋಜನೆಯನ್ನು ಕೈಯಲ್ಲಿ ಹಿಡಿದು ಕೋಣೆಯ ಒಳಗೆ ಬಂದರೆ, ಅಲ್ಲಿ ಐದು ಗುಂಪುಗಳು ಐದು ಕೆಲಸಗಳಲ್ಲಿ ತೊಡಗಿ, ಯಾರಿಗೂ ಪೀಠಿಕೆಯನ್ನು ಕೇಳಲು ಬಿಡುವಿರುವುದಿಲ್ಲ.

ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ ನಾನು ಮೂರು ಸಲ ಹೋಗಿದ್ದೆ. ಅಲ್ಲಿಗೆ ಬಂದಿದ್ದ ವಿದ್ಯಾರ್ಥಿನಿ ಹಿರಿಯೂರಿನ ಕಡೆಯವಳು, ಇಪ್ಪತ್ತು ವರ್ಷ ವಯಸ್ಸು. ಕೋಣೆಯಲ್ಲಿದ್ದ ಮಕ್ಕಳು 27. ಒಂದನೆಯ ತರಗತಿಯವರು ಎಂಟು, ಎರಡನೆಯವರು ಹತ್ತು, ಮೂರನೆಯವರು ಒಂಬತ್ತು. ಮೊದಲನೆಯ ಸಲ ನಾನು ಹಿಂದಿನ ಮೂಲೆಯಲ್ಲಿ ಕುಳಿತು, ಬೇರೆ ಕೆಲಸವಿಲ್ಲದುದರಿಂದ, ಆಕೆ ‘ಸುಮ್ಮನಿರಿ’ ಎಂದದ್ದನ್ನು ಎಣಿಸಿದೆ. ಅರ್ಧ ಗಂಟೆಯಲ್ಲಿ 23 ಸಲ. ಪ್ರತಿ ಸಲವೂ ಶಬ್ದ ಎರಡು ಕ್ಷಣ ತಗ್ಗಿ ಮತ್ತೆ ಏರುತ್ತಿತ್ತು. ಹತ್ತನೆಯದರ ವೇಳೆಗೆ ಅದು ಮಕ್ಕಳಿಗೆ ಗಡಿಯಾರದ ಟಿಕ್‌ಟಿಕ್‌ನಷ್ಟೇ ಸಹಜವಾಗಿ, ಅವರ ಕಿವಿಗೆ ಬೀಳುವುದನ್ನೇ ಬಿಟ್ಟಿತು. ಬಿಡುವಿನ ವೇಳೆಯಲ್ಲಿ ಆಕೆ ಜಗುಲಿಯಲ್ಲಿ ನಿಂತು ನನಗೆ ಹೇಳಿದ ಮಾತು ಇದು: “ಸಾರ್, ಇದು ನನ್ನ ಕೈಲಿ ಆಗಲ್ಲ ಅನ್ಸುತ್ತೆ. ಅಕ್ಕ ಬೆಂಗಳೂರಲ್ಲಿ ಗಾರ್ಮೆಂಟ್ಸಿಗೆ ಹೋಗ್ತಾಳೆ. ನಾನೂ ಹೋಗೋಣ ಅಂತಿದೀನಿ.”

ಆಕೆಗೆ ಸುತ್ತಲಿನವರಿಂದ ದೊರೆತ ಸಲಹೆ ಒಂದೇ. ಮೊಮ್ಮಗನನ್ನು ಬಿಡಲು ಬಂದ ಅಜ್ಜಿಯೊಬ್ಬರು ನನ್ನೆದುರಿನಲ್ಲಿಯೇ, “ಎಲ್ಡು ಬಿಗೀರಿ ಮಿಸ್ಸೇ, ತಾನೇ ಕಲೀತಾನೆ” ಎಂದು ಅಪ್ಪಣೆ ಕೊಟ್ಟು ಹೋದರು. ಈ ಸಲಹೆಗೆ ದೊಡ್ಡ ಪರಂಪರೆಯೇ ಇದೆ. ನೆರೆಯ ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲ್ 1823ರಲ್ಲಿ ಅಲ್ಲಿಯ ಹಳ್ಳಿಶಾಲೆಗಳ ವಿಷಯವಾಗಿ ಮೇಲಿನವರಿಗೆ ಒಂದು ವರದಿಯನ್ನು ಬರೆದನು. ನಾವು ಕೂಲಿಮಠವೆಂದು ಕರೆಯುವ ಶಾಲೆಗಳೇ ಅವು. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರಂತೆ. ಎರಡನೆಯವನಿಗೆ ಸೊನ್ನೆ, ಎಂದರೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದ ಕ್ರಮದಲ್ಲಿ ಒಂದೊಂದು ಹೆಚ್ಚು. ಸೋಮಾರಿಯನ್ನು ಎರಡು ಕೈಗಳನ್ನೂ ಕಟ್ಟಿ ಸೂರಿಗೆ ತೂಗುಹಾಕುತ್ತಿದ್ದರು. ನಮ್ಮ ಅಜ್ಜಂದಿರು ಕೋದಂಡವೆನ್ನುತ್ತಿದ್ದುದು ಇದನ್ನೇ. ಇಲ್ಲವೆ ಬಿಡುವಿಲ್ಲದೆ ಬಸ್ಕಿ ಹೊಡೆಸುತ್ತಿದ್ದರು. ಇದು ನೋವಿನದಾದರೂ ಪ್ರಾಯಶಃ ಆರೋಗ್ಯಕರವಾದ ಶಿಕ್ಷೆಯೆಂದು ಆ ಸಾಹೇಬನು ಸೇರಿಸಿದ್ದಾನೆ!

ಈಗ ಕಾನೂನು ಆ ಬಾಗಿಲನ್ನು ಮುಚ್ಚಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ಮಗುವನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆಯಾಗುವಂತೆ ನಡೆಸಿಕೊಳ್ಳುವುದನ್ನೂ ನಿಷೇಧಿಸಿದೆ. ಇದು ಸರಿಯಾದುದೇ. ಆದರೆ ಬಾಗಿಲನ್ನು ಮುಚ್ಚಿದವರು ಬೇರೆ ದಾರಿಯನ್ನು ತೋರಿಸಬೇಕಷ್ಟೆ. ಇಪ್ಪತ್ತು ವರ್ಷದ ಹುಡುಗಿಯ ಕೈಯಿಂದ ಬೆತ್ತವನ್ನು ಕಿತ್ತುಕೊಂಡು, ಆ ಕೈಯಲ್ಲಿ ‘ಮಕ್ಕಳನ್ನು ಪ್ರೀತಿಯಿಂದ ಕಾಣಿರಿ’ ಎಂಬ ಸುತ್ತೋಲೆಯೊಂದನ್ನಿಟ್ಟರೆ ತರಗತಿ ನಡೆಯುವುದಿಲ್ಲ. ಪ್ರೀತಿ ಆಕೆಯಲ್ಲಿ ಬೇಕಾದಷ್ಟಿತ್ತು, ಇಲ್ಲದುದು ಉಪಾಯ.

ಉಪಾಯವೇನೆಂಬುದನ್ನು ಶಾಸ್ತ್ರೀಯವಾಗಿ ಹುಡುಕಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೂನಿನ್ ಎಂಬವರು ಮುಖ್ಯರು. ಒಂದು ದಿನ ಅವರು ಕಾಲೇಜಿನಲ್ಲಿ ಉಪನ್ಯಾಸ ಮಾಡುತ್ತಿರುವಾಗ ಹಿಂದಿನ ಸಾಲಿನಲ್ಲೊಬ್ಬ ವಿದ್ಯಾರ್ಥಿ ವೃತ್ತಪತ್ರಿಕೆಯನ್ನು ಬಿಡಿಸಿಕೊಂಡು ಓದುತ್ತಿದ್ದನಂತೆ. ಅವನನ್ನು ಗದರಿಸಿದಾಗ, ತಪ್ಪೇನನ್ನೂ ಮಾಡದೆ ಕುಳಿತಿದ್ದ ಉಳಿದವರೆಲ್ಲ ನೆಟ್ಟಗೆ ಕುಳಿತು ಪುಸ್ತಕದ ಕಡೆ ದೃಷ್ಟಿ ತಿರುಗಿಸಿದುದು ಅವರಿಗೆ ಸೋಜಿಗವಾಯಿತು. ಗದರಿಕೆಯ ಯಾವ ಬಗೆ ಹೆಚ್ಚು ಪರಿಣಾಮಕಾರಿ ಎಂಬುದನ್ನು ತಿಳಿಯಬೇಕೆಂದು ಹೊರಟು, ವರ್ಷಗಟ್ಟಲೆ ಶ್ರಮಪಟ್ಟು, ಪ್ರಾಥಮಿಕ ತರಗತಿಗಳ ಚಲಚ್ಚಿತ್ರಗಳನ್ನೂ ತೆಗೆಯಿಸಿ ನೋಡಿ, 1970ರಲ್ಲಿ ಅವರು ಪ್ರಕಟಿಸಿದ ಸಿದ್ಧಾಂತ ಹೊರಟ ಪ್ರಶ್ನೆಯನ್ನೇ ತಳ್ಳಿಹಾಕುವಂತಹುದು: ಗದರಿಕೆಯ ಬಗೆಗೂ ತರಗತಿಯ ಶಿಸ್ತಿಗೂ ಹೇಳಿಕೊಳ್ಳುವಂತಹ ಸಂಬಂಧವಿಲ್ಲ. ಒಳ್ಳೆಯ ಉಪಾಧ್ಯಾಯರೂ ಸಾಧಾರಣ ಉಪಾಧ್ಯಾಯರೂ ಗದರಿಸುವ ರೀತಿ ಹೆಚ್ಚುಕಡಮೆ ಒಂದೇ. ವ್ಯತ್ಯಾಸವಿರುವುದು ಗದ್ದಲ ಹುಟ್ಟುವುದಕ್ಕೆ ಮೊದಲು ಅವರು ಮಾಡುವ ಕೆಲಸದಲ್ಲಿ. ಕೋಣೆಯ ಎಲ್ಲ ಮೂಲೆಗಳಲ್ಲಿಯೂ ಏನು ನಡೆಯುತ್ತಿದೆಯೆಂಬುದು ತಮಗೆ ಗೊತ್ತೆಂದು ಮಕ್ಕಳಿಗೆ ತೋರಿಸಿಕೊಡುವುದು, ಒಂದು ಗುಂಪಿಗೆ ಹೇಳಿಕೊಡುತ್ತಿರುವಾಗಲೇ ಇನ್ನೊಂದನ್ನು ಕಣ್ಣಿನಿಂದ ಹಿಡಿದಿಡುವುದು, ಒಂದು ಕೆಲಸದಿಂದ ಮತ್ತೊಂದಕ್ಕೆ ತಡೆಯಿಲ್ಲದೆ ದಾಟಿಸುವುದು. ನಮ್ಮ ಮೇಷ್ಟರುಗಳಿಗೆ ಬೆನ್ನಿನಲ್ಲಿಯೂ ಕಣ್ಣುಂಟೆಂದು ನಾವು ಹುಡುಗರಾಗಿದ್ದಾಗ ಹೇಳಿಕೊಳ್ಳುತ್ತಿದ್ದೆವಲ್ಲ, ಅದಕ್ಕೆ ಡೆಟ್ರಾಯಿಟ್ ನಗರದ ವಿಶ್ವವಿದ್ಯಾನಿಲಯದಲ್ಲಿ ದೊರೆತ ಪ್ರಮಾಣಪತ್ರವಿದು.

ಈ ದೃಷ್ಟಿಯಿಂದ ಹೊಸದುರ್ಗದ ಆ ತರಗತಿಯನ್ನು ನೋಡಿದರೆ, ಗದ್ದಲ ಅರ್ಧ ಗಂಟೆಯ ಉದ್ದಕ್ಕೂ ಒಂದೇ ಸಮನಾಗಿರಲಿಲ್ಲ. ಅದು ಹುಟ್ಟುತ್ತಿದ್ದ ಸ್ಥಳಗಳು ಬೇರೆ ಬೇರೆಯಾಗಿ ಕಾಣುತ್ತಿದ್ದವು. ಕಾರ್ಡು ಮುಗಿಸಿದ ಮಗು ಮುಂದಿನ ಕಾರ್ಡಿಗಾಗಿ ಗೂಡಿನ ಬಳಿ ಹೋದಾಗ ಅಲ್ಲಿ ಏಳೆಂಟು ಮಕ್ಕಳು ಮುಗಿಬಿದ್ದು ನೂಕಾಟವಾಗುತ್ತಿತ್ತು. ಮುಗಿಸಿದ್ದನ್ನು ತೋರಿಸಲು ಬಂದವರು ಆಕೆಯ ಸುತ್ತ ನಿಂತು, ಕಾಯುತ್ತ, ಕಾಯುವ ಬೇಸರಕ್ಕೆ ಪಕ್ಕದವರ ಜಡೆ ಎಳೆಯುತ್ತಿದ್ದರು. ಆ ಗುಂಪಿನ ಗೋಡೆಯಿಂದಾಗಿ ಆಕೆಗೆ ಕೋಣೆಯ ಆಚೆಯ ಅರ್ಧ ಕಾಣಿಸುತ್ತಲೇ ಇರಲಿಲ್ಲ. ಆಚೆಯವರಿಗೂ ಅದು ಚೆನ್ನಾಗಿ ಗೊತ್ತಿತ್ತು!

ಮೂರು ವಾರಗಳ ಅನಂತರ ಹೋದಾಗ ಕೋಣೆ ಬೇರೆಯಾಗಿತ್ತು. ಶಾಲೆಯ ಹಿರಿಯ ಉಪಾಧ್ಯಾಯಿನಿಯವರು ಪಕ್ಕದಲ್ಲಿ ಕುಳಿತು ಸೂಚಿಸಿದುದು ಕೆಲವು, ಆಕೆಯೇ ಕಂಡುಕೊಂಡುದು ಕೆಲವು. ಕಾರ್ಡುಗಳ ಗೂಡನ್ನು ಎರಡು ಮಾಡಿ ಎದುರುಬದುರು ಗೋಡೆಗಳಿಗೆ ಹಾಕಿದ್ದಳು. ತಾನು ಕೂಡುವ ಜಾಗವನ್ನು ಗೋಡೆಗೆ ಬೆನ್ನಾಗುವಂತೆ ಮೂಲೆಗೆ ಬದಲಾಯಿಸಿಕೊಂಡಿದ್ದಳು. ಈಗ ಇಡೀ ಕೋಣೆ ಕಣ್ಣ ಮುಂದೆ. ತೋರಿಸಲು ಬರುವ ಮಗು ಕಾಯುತ್ತ ನಿಲ್ಲಬೇಕಾಗಿರಲಿಲ್ಲ; ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಬಳಿದಿರುವ ಕಪ್ಪುಹಲಗೆಯಲ್ಲಿ ತನ್ನ ಪಾಲಿನ ಜಾಗದಲ್ಲಿ ಬರೆದಿಟ್ಟು ಕೂಡಬೇಕು, ಆಕೆಯೇ ಅಲ್ಲಿಗೆ ಬರುವಳು. ಗುಂಪು ಬದಲಾಗುವ ಹೊತ್ತಿಗೆ ಒಂದು ಹಾಡು. ಹಾಡು ಮುಗಿಯುವುದರೊಳಗೆ ಎಲ್ಲರೂ ತಮ್ಮ ತಮ್ಮ ತಟ್ಟೆಯಲ್ಲಿರಬೇಕು. ಶಬ್ದವೇನೂ ನಿಂತಿರಲಿಲ್ಲ. 27 ಮಕ್ಕಳು ಗಟ್ಟಿಯಾಗಿ ಓದುತ್ತ ಎಣಿಸುತ್ತ ಇರುವ ಕೋಣೆಯಲ್ಲಿ ಅದು ನಿಲ್ಲಲೂ ಬಾರದು. ಮೌನವನ್ನೇ ಶಿಸ್ತೆಂದು ತಿಳಿದ ತಪಾಸಣಾಧಿಕಾರಿ ಬಂದಿದ್ದರೆ ಮುಖ ಸಿಂಡರಿಸುತ್ತಿದ್ದರೇನೋ.

ಗುಜರಾತಿನ ಗಿಜುಭಾಯಿ ಬಧೇಕರು ‘ದಿವಾಸ್ವಪ್ನ’ವೆಂಬ ತಮ್ಮ ಪುಸ್ತಕದಲ್ಲಿ ಇಂತಹುದೇ ಒಬ್ಬ ಹೊಸ ಉಪಾಧ್ಯಾಯನನ್ನು ಚಿತ್ರಿಸಿದ್ದಾರೆ. ಅವನು ಮೊದಲನೆಯ ದಿನ ಮಕ್ಕಳಿಗೆ ಮೌನದ ಆಟವನ್ನು ಆಡಿಸಹೋಗಿ, ಕೋಣೆಯೆಲ್ಲ ಕೇಕೆ ನಗುಗಳಾಗಿ, ಶಾಲೆಗೆ ರಜ ಕೊಟ್ಟು ಕಳುಹಿಸಬೇಕಾಯಿತು. ಮರುದಿನ ಕಥೆ ಹೇಳಲಾರಂಭಿಸಿದಾಗ ಮೌನ ಕರೆಯದೆಯೇ ಬಂದಿತು. ನಮ್ಮ ತರಬೇತಿ ಕಾಲೇಜುಗಳಲ್ಲಿ ಬಣ್ಣದ ಕಾಗದದ ಪಾಠೋಪಕರಣಗಳಿಗೆ ಕೊಡುವ ಅಂಕಗಳಲ್ಲಿ ಅರ್ಧವನ್ನು ಕಥೆ ಹೇಳುವುದಕ್ಕೆ ಕೊಟ್ಟರೆ ಲಾಭವಾದೀತು.

ಮಕ್ಕಳೇ ಮಕ್ಕಳಿಗೆ ಕಲಿಸುವ ತಟ್ಟೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಇದು ಹೊಸ ಕಾಲದ ಸೃಷ್ಟಿಯೆಂದು ಅನೇಕರು ಭಾವಿಸಿದ್ದಾರೆ. ಸ್ಕಾಟ್ಲೆಂಡಿನ ಪಾದ್ರಿ ಆಂಡ್ರೂ ಬೆಲ್ 1789ರಲ್ಲಿ ಮದರಾಸಿನ ಎಗ್ಮೂರಿನಲ್ಲಿದ್ದ ಸೈನಿಕರ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾದನು. ಊರ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆದು ಕಲಿಯುವುದನ್ನು ಕಂಡು ತನ್ನ ಶಾಲೆಯಲ್ಲಿಯೂ ಹಾಗೆ ಮಾಡಬೇಕೆಂದರೆ, ಅವನ ಉಪಾಧ್ಯಾಯರು ಒಪ್ಪಲಿಲ್ಲ. ಆಗ ಎಂಟು ವರ್ಷದ ಜಾನ್ ಫ್ರಿಸ್ಕೆನ್ ಎಂಬ ಹುಡುಗನನ್ನೇ ಚಿಕ್ಕವರಿಗೆ ಅಕ್ಷರ ಕಲಿಸಲು ನಿಲ್ಲಿಸಿದನು. 1797ರಲ್ಲಿ ಅವನು ಲಂಡನ್ನಿನಲ್ಲಿ ಇದನ್ನು ಅಚ್ಚು ಹಾಕಿಸಿದ ಮೇಲೆ ಈ ಪದ್ಧತಿ ಇಂಗ್ಲೆಂಡಿನಲ್ಲೆಲ್ಲ ಹಬ್ಬಿತು. ಬಳ್ಳಾರಿಯ ಕ್ಯಾಂಬೆಲ್ ಸಾಹೇಬನೂ ತನ್ನ ವರದಿಯಲ್ಲಿ, ಮುಂದಿರುವ ಹುಡುಗರು ಹಿಂದಿರುವವರಿಗೆ ಹೇಳಿಕೊಟ್ಟು ತಮ್ಮ ಕಲಿಕೆಯನ್ನೂ ಗಟ್ಟಿಮಾಡಿಕೊಳ್ಳುವ ಇಲ್ಲಿಯ ಕ್ರಮವನ್ನು ಮೆಚ್ಚಿ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಆಯಿತೆಂದಿದ್ದಾನೆ. ಕೂಲಿಮಠದಿಂದ ಹೊರಟದ್ದು ಎರಡು ಶತಮಾನಗಳ ಮೇಲೆ ಕಾರ್ಡಿನ ರೂಪದಲ್ಲಿ ಕೂಲಿಮಠದ ಸೀಮೆಗೇ ಹಿಂದಿರುಗಿದೆಯೆನ್ನಬಹುದು.

ಆದರೆ ಅಧಿಕಾರ ಸಿಕ್ಕಿದ ಹುಡುಗನು ದೊಡ್ಡವರಿಗಿಂತ ಕ್ರೂರನಾಗಬಲ್ಲನು. ಆ ತರಗತಿಯಲ್ಲಿಯೂ ಮೂರನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಗುಂಪಿನ ಚಿಕ್ಕವರನ್ನು ಅಡಿಕೋಲಿನಿಂದ ಕುಟ್ಟುತ್ತಿದ್ದಳು. ಕಾನೂನಿನ 17ನೆಯ ಪ್ರಕರಣ ಅವಳನ್ನು ಮುಟ್ಟುವಂತಿರಲಿಲ್ಲ! ವಿದ್ಯಾರ್ಥಿನಿ ಅವಳನ್ನು ಪದವಿಯಿಂದ ಇಳಿಸಲಿಲ್ಲ. ಗುಂಪಿಗೆ ನಾಯಕರಿಲ್ಲ, ಪ್ರತಿ ಕಾರ್ಡಿಗೂ ಒಬ್ಬೊಬ್ಬರು ಹೇಳಿಕೊಡಬೇಕು ಎಂದು ಕಟ್ಟಳೆಯನ್ನೇ ಬದಲಾಯಿಸಿದಳು. ಇದರಿಂದ ಎಂದೂ ಬಾಯಿ ಬಿಡದವರಿಗೂ ಸರದಿ ಬಂದಿತು.

ಎಂದೂ ಬಾಯಿ ಬಿಡದವನೊಬ್ಬನು ಅಲ್ಲಿದ್ದನು, ತಾಂಡದ ಹುಡುಗ, ಎರಡನೆಯ ತರಗತಿ. ಶಾಲೆಗೆ ಬಂದ ಹೊಸದರಲ್ಲಿ ಬಾಯಾರಿ ‘ಪಾಣಿ’ ಎಂದು ಕೇಳಿದ್ದಕ್ಕೆ ಉಳಿದವರು ನಕ್ಕಿದ್ದರಂತೆ. ಅಂದಿನಿಂದ ಮುಚ್ಚಿದ ಬಾಯಿ. ಮೇಲಾಗಿ ಚಳಿಗಾಲದಲ್ಲಿ ತಂದೆತಾಯಿಗಳು ಕಾಫಿ ಕೊಯ್ಲಿಗೆಂದು ಮಲೆನಾಡಿಗೆ ಹೋಗುವಾಗ ಅವನನ್ನೂ ಕರೆದುಕೊಂಡು ಹೋಗುತ್ತಿದ್ದರು. ಎಲ್ಲರ ಬಾಯಲ್ಲಿಯೂ ಅವನು ‘ದಡ್ಡ’ನಾಗಿದ್ದನು. ಇಲ್ಲಿ ಏಣಿಯ ಪದ್ಧತಿಯ ಒಂದು ದೊಡ್ಡ ಗುಣವನ್ನು ಹೇಳಬೇಕು. ಹಳೆಯ ಕ್ರಮದಲ್ಲಿ ಮೂರು ತಿಂಗಳು ತಪ್ಪಿಸಿಕೊಂಡ ಹುಡುಗನು ಹಿಂದಿರುಗಿದಾಗ ತರಗತಿ ಅವನನ್ನು ಬಿಟ್ಟು ಮುಂದೆ ಹೋಗಿರುತ್ತಿತ್ತು. ಇಲ್ಲಿ ಅವನು ಬಿಟ್ಟ ಮೆಟ್ಟಿಲು ಅವನಿಗಾಗಿ ಕಾದಿರುತ್ತದೆ. ಆದರೆ ಯಾರು ಯಾವ ಮೆಟ್ಟಿಲಿನಲ್ಲಿದ್ದಾರೆಂಬ ಪಟ್ಟಿಯನ್ನು ಗೋಡೆಗೆ ತೂಗುಹಾಕಿ ಹಿಂದುಳಿದವನನ್ನು ದಿನವೂ ಸಭೆಯಲ್ಲಿ ನಿಲ್ಲಿಸುವ ರೂಢಿಯನ್ನು ನಾನು ಮೆಚ್ಚಲಾರೆ.

ಆಕೆ ಆ ಹುಡುಗನನ್ನು ಅದೇ ತಾಂಡದ ಮೂರನೆಯ ತರಗತಿಯ ಹುಡುಗಿಯೊಬ್ಬಳ ಪಕ್ಕದಲ್ಲಿ ಕೂಡಿಸಿ, ಕಾರ್ಡಿನ ಚಿತ್ರಗಳನ್ನು ಮೊದಲು ಅವರ ಮಾತಿನಲ್ಲಿ ಹೆಸರಿಸಲು ಬಿಟ್ಟಳು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿಯೇ ಮೂರು ಎಣಿಸುವ ಅಭ್ಯಾಸವನ್ನೂ ಮಾಡಿಕೊಂಡಳು. ಮೇರಿ ಬಡ್ ರೋ ಎಂಬ ಅಮೆರಿಕದ ವಿದುಷಿ 1970ರ ದಶಕದಲ್ಲಿ ಧ್ವನಿಮುದ್ರಣಗಳನ್ನು ಪರೀಕ್ಷಿಸಿ, ಉಪಾಧ್ಯಾಯರು ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯುವುದು ಸುಮಾರು ಒಂದೇ ಸೆಕೆಂಡೆಂದೂ, ಅದನ್ನು ಮೂರಕ್ಕೆ ಏರಿಸಿದರೆ ಉತ್ತರಗಳು ಉದ್ದವಾಗುವುದಲ್ಲದೆ, ಮಾತನಾಡದಿದ್ದ ಮಕ್ಕಳೂ ಮಾತನಾಡುವರೆಂದೂ ತೋರಿಸಿದ್ದರು. ಮೂರು ಸೆಕೆಂಡು ಅಲ್ಪವೆಂದು ತೋರಬಹುದು. 27 ಮಕ್ಕಳ ಮುಂದೆ ನಿಂತು ಅಷ್ಟು ಹೊತ್ತು ಸುಮ್ಮನಿರುವುದು ಹೊಸ ಉಪಾಧ್ಯಾಯಿನಿಗೆ ಎಷ್ಟು ಕಷ್ಟವೆಂಬುದನ್ನು ನಾನು ಕಣ್ಣಾರೆ ಕಂಡೆ. ಎರಡು ಎಣಿಸುವುದರೊಳಗೆ ತುಟಿ ಅಲುಗುತ್ತಿತ್ತು.

ಕಡೆಯ ವಾರದಲ್ಲಿ ನಾನು ಹೋದ ದಿನ ಮಧ್ಯಾಹ್ನದ ಬಿಸಿಯೂಟಕ್ಕೆ ಮುನ್ನ ಆ ಹುಡುಗನ ಸರದಿ ಬಂದಿತು. ಅವನು ಒಂದನೆಯ ತರಗತಿಯ ಇಬ್ಬರಿಗೆ ‘ಜವಮಬನ’ದ ಕಾರ್ಡನ್ನು ಹೇಳಿಕೊಡಬೇಕು. ಬೆರಳಿಟ್ಟು, ಮೆಲ್ಲಗೆ, ‘ಮರ’ ಎಂದನು. ತಡೆದು, ‘ಬನ’ ಎಂದನು. ಚಿಕ್ಕವರಿಬ್ಬರೂ ಹಾಗೆಯೇ ಹೇಳಿದರು. ಯಾರೂ ನಗಲಿಲ್ಲ, ಏಕೆಂದರೆ ಯಾರೂ ನೋಡುತ್ತಿರಲಿಲ್ಲ. ಎಲ್ಲರಿಗೂ ಅವರವರ ಕೆಲಸವಿತ್ತು.

ಆಕೆಗೆ ಆ ಪಾಠಕ್ಕೆ ಎಷ್ಟು ಅಂಕ ಬಂದಿತೋ ನಾನು ವಿಚಾರಿಸಲಿಲ್ಲ. ಅಂಕದ ನಮೂನೆಯಲ್ಲಿ ಧ್ವನಿ, ಉಡುಪು, ಕಪ್ಪುಹಲಗೆಯ ಬರವಣಿಗೆ, ಪಾಠೋಪಕರಣ ಇವುಗಳಿಗೆ ಸ್ಥಳಗಳಿದ್ದವು; ಗೂಡನ್ನು ಎರಡು ಮಾಡಿದ್ದಕ್ಕೆ ಸ್ಥಳವಿರಲಿಲ್ಲ. ಬೆಂಗಳೂರಿನ ಮಾತನ್ನು ನಾನೂ ಎತ್ತಲಿಲ್ಲ, ಆಕೆಯೂ ಎತ್ತಲಿಲ್ಲ. ಹೊರಡುವ ಮುನ್ನ ಆಕೆ ಹಿರಿಯ ಉಪಾಧ್ಯಾಯಿನಿಯವರಿಗೆ ಒಂದು ನೋಟುಪುಸ್ತಕವನ್ನು ಒಪ್ಪಿಸಿದಳು. ಪ್ರತಿ ಮಗುವಿಗೂ ಒಂದು ಪುಟ. ಯಾವ ಮೆಟ್ಟಿಲಿನಲ್ಲಿ ಎಷ್ಟು ದಿನ, ಯಾರ ಪಕ್ಕದಲ್ಲಿ ಕೂಡಿಸಿದರೆ ಕಲಿಯುತ್ತದೆ, ಯಾರ ಪಕ್ಕದಲ್ಲಿ ಕೂಡಿಸಬಾರದು ಎಂಬ ವಿವರ. ಅವರು ಕನ್ನಡಕವನ್ನು ಏರಿಸಿಕೊಂಡು ಪುಟಗಳನ್ನು ತಿರುವುತ್ತ, ತಾಂಡದ ಹುಡುಗನ ಹಾಳೆಯಲ್ಲಿ ನಿಂತು, “ಕಾಫಿಗೆ ಯಾವಾಗ ಹೋಗ್ತಾರಂತಮ್ಮ ಇವರ ಮನೆಯೋರು?” ಎಂದು ಕೇಳಿದರು.

“ಹಬ್ಬ ಆದ್ಮೇಲೆ ಅಂತ ಹೇಳಿದಾರೆ ಮೇಡಂ” ಎಂದಳು.

ಅವರು ಪೆನ್ಸಿಲು ತೆಗೆದು ಪುಟದ ಅಂಚಿನಲ್ಲಿ ಅದನ್ನು ಗುರುತುಮಾಡಿಕೊಂಡರು.